ಕಾರಿನ ತೋಳಿಗೊಂದು ರಬ್ಬರಿನ ಕೀಲು

ಹೊಸನಗರ ತಾಲ್ಲೂಕಿನ ನಿಟ್ಟೂರಿನಿಂದ ನಾಗೋಡಿಯ ಮೇಲೆ ಕೊಲ್ಲೂರಿಗೆ ಘಟ್ಟವಿಳಿಯುವ ದಾರಿಯಲ್ಲಿ ಮಳೆಗಾಲದಲ್ಲಿ ಪ್ರಯಾಣ ಮಾಡಿದವರಿಗೆ ರಸ್ತೆಯ ಹೊಂಡಗಳ ವಿಚಾರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹೊಂಡ ಬಂದೊಡನೆ ಚಕ್ರ ಕೆಳಗಿಳಿಯುತ್ತದೆ. ಕಲ್ಲು ಸಿಕ್ಕೊಡನೆ ಮೇಲಕ್ಕೆ ನೆಗೆಯುತ್ತದೆ. ಒಳಗೆ ಕುಳಿತವರಿಗೆ ಈ ಏರಿಳಿತದ ಸ್ವಲ್ಪ ಭಾಗ ಮಾತ್ರ ತಿಳಿಯುವುದಕ್ಕೆ ಸ್ಪ್ರಿಂಗು ಕಾರಣವೆಂದು ನಾವೆಲ್ಲರೂ ಬಲ್ಲೆವು. ಆದರೆ ಸ್ಪ್ರಿಂಗು ಒಂಟಿಯಾಗಿ ಈ ಕೆಲಸವನ್ನು ಮಾಡಲಾರದು. ಚಕ್ರವು ಮೇಲೆ ಕೆಳಗೆ ಆಡಬೇಕು. ಹಿಂದಕ್ಕೂ ಮುಂದಕ್ಕೂ ಪಕ್ಕಕ್ಕೂ ಸರಿದಾಡಬಾರದು. ಸರಿದಾಡಿದರೆ ತಿರುವಿನಲ್ಲಿ ಚಾಲಕನು ತಿರುಗಿಸಿದ ಕಡೆಗೆ ಕಾರು ಹೋಗದು. ಹೀಗೆ ಚಕ್ರವನ್ನು ಅಂಕೆಯಲ್ಲಿಡುವುದು ಸಸ್ಪೆನ್ಷನ್ ತೋಳು. ಆ ತೋಳು ಕಾರಿನ ಚೌಕಟ್ಟಿಗೆ ಸೇರುವೆಡೆಯಲ್ಲಿರುವ ಚಿಕ್ಕ ಕೀಲೇ ಬುಷ್.

ಬುಷ್ಷಿನ ರಚನೆ ಬಹು ಸರಳವಾದುದು. ಒಂದು ಉಕ್ಕಿನ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ. ಎರಡಕ್ಕೂ ಬಲವಾಗಿ ಅಂಟಿಕೊಂಡ ರಬ್ಬರು ನಡುವೆ. ಹೊರಕೊಳವೆ ತೋಳಿನ ರಂಧ್ರದಲ್ಲಿ ಬಿಗಿಯಾಗಿ ಕೂಡುತ್ತದೆ. ಒಳಕೊಳವೆಯನ್ನು ಒಂದು ಬೋಲ್ಟು ಚೌಕಟ್ಟಿನ ಬ್ರಾಕೆಟ್ಟಿಗೆ ಬಿಗಿಯುತ್ತದೆ. ಬಾಗಿಲಿನ ತಿರುಗಣಿಯಲ್ಲಿ ಲೋಹದ ಮೇಲೆ ಲೋಹ ಜಾರುತ್ತದೆ; ಆದುದರಿಂದಲೇ ಅದಕ್ಕೆ ಎಣ್ಣೆ ಬೇಕು, ಮಳೆಗಾಲದಲ್ಲಿ ಅದು ತುಕ್ಕು ಹಿಡಿದು ಕಿರುಗುಟ್ಟುತ್ತದೆ. ಬುಷ್ಷಿನಲ್ಲಿ ಯಾವುದೂ ಜಾರುವುದಿಲ್ಲ. ತೋಳು ಏರಿಳಿದಾಗ ನಡುವಣ ರಬ್ಬರೇ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಎರಡು ಬೆರಳುಗಳ ನಡುವೆ ಪೆನ್ಸಿಲ್ ಅಳಿಸುವ ರಬ್ಬರನ್ನು ಒತ್ತಿ ಹಿಡಿದು, ಬೆರಳುಗಳನ್ನು ಎದುರುಬದುರಾಗಿ ಕೊಂಚ ಸರಿಸಿ ನೋಡಿದರೆ ಈ ತತ್ತ್ವ ಯಾರಿಗಾದರೂ ಮನದಟ್ಟಾಗುತ್ತದೆ.

ಸುಳ್ಯ, ಪುತ್ತೂರುಗಳ ತೋಟಗಳಲ್ಲಿ ಮರದಿಂದ ಇಳಿಸುವ ಹಾಲಿನ ಹಸಿ ರಬ್ಬರಿಗೆ ಈ ಗುಣ ಪೂರ್ಣವಾಗಿರುವುದಿಲ್ಲ. ಅದು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ ಮೇಲೆ ಅದಕ್ಕೆ ಸ್ಥಿರತೆ ಬಂದಿತು. ಗಂಧಕದ ಪರಮಾಣುಗಳು ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಅಲ್ಲಲ್ಲಿ ಹೆಣೆಯುವುದೇ ಇದರ ರಹಸ್ಯ.

ಕಾರನ್ನು ಸ್ವಂತ ಕೈಯಿಂದ ಕಟ್ಟುವ ಹವ್ಯಾಸ ಇಂಗ್ಲೆಂಡಿನಲ್ಲಿ ಹಳೆಯದು. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿಯೇ ಜೋಡಿಸಬಹುದಾಗಿತ್ತು. ನಮ್ಮಲ್ಲಿ ಈ ಸಾಹಸ ಹೆಚ್ಚಾಗಿ ಕಾಲೇಜುಗಳಲ್ಲಿ ಬೆಳೆದಿದೆ. ಬೆಂಗಳೂರಿನ ಆರ್. ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ‘ಅಶ್ವ ರೇಸಿಂಗ್’ ತಂಡ ಕಟ್ಟಿ ಓಟದ ಕಾರುಗಳನ್ನು ನಿರ್ಮಿಸಿದ್ದಾರೆ. ಕಚ್ಚಾನೆಲದಲ್ಲಿ ಓಡುವ ವಾಹನಗಳ ‘ಬಾಹಾ’ ಸ್ಪರ್ಧೆ ಭಾರತದಲ್ಲಿ 2007ರಿಂದ ನಡೆದುಬಂದಿದೆ. ಆದರೆ ಕಾನೂನಿನಂತೆ ಪರೀಕ್ಷೆಗೊಳಗಾಗಿ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲವೆಂಬುದನ್ನು ಉತ್ಸಾಹಿಗಳು ಮರೆಯಬಾರದು.

ಹೀಗೆ ಕಟ್ಟುವವರು ಬುಷ್ಷನ್ನು ಕೂಡಿಸುವ ಮೊದಲು ತೋಳಿನ ಬೆಸುಗೆಯೆಲ್ಲವನ್ನೂ ಮುಗಿಸಬೇಕು. ಬುಷ್ಷಿಟ್ಟ ಮೇಲೆ ಬೆಸೆದರೆ ಶಾಖಕ್ಕೆ ರಬ್ಬರು ಸುಟ್ಟುಹೋಗುತ್ತದೆ. ಬೆಸುಗೆಯ ಶಾಖದಿಂದ ತೋಳಿನ ರಂಧ್ರವೂ ತುಸು ಸೊಟ್ಟಗಾಗುವುದುಂಟು. ಆದುದರಿಂದ ಅದನ್ನು ಅಳೆದು, ಮತ್ತೆ ಸರಿಯಾದ ಗಾತ್ರಕ್ಕೆ ಕೊರೆಯಬೇಕು. ಒಂದು ತೋಳಿಗೆ ಎರಡು ಬುಷ್ಷುಗಳಿದ್ದರೆ ಎರಡರ ಅಕ್ಷವೂ ಒಂದೇ ನೇರದಲ್ಲಿರಬೇಕು. ಒಂದೇ ಬಾಗಿಲಿನ ಎರಡು ತಿರುಗಣಿಗಳು ನೇರ ತಪ್ಪಿದರೆ ಬಾಗಿಲು ಹೇಗೆ ಸಿಕ್ಕಿಕೊಳ್ಳುತ್ತದೆಯೋ ಹಾಗೆಯೇ ತೋಳೂ ಸಿಕ್ಕಿಕೊಳ್ಳುತ್ತದೆ.

ಬುಷ್ಷನ್ನು ಸುತ್ತಿಗೆಯಿಂದ ಬಡಿದು ಕೂಡಿಸಬಾರದು. ಪ್ರೆಸ್ ಇಲ್ಲದಿದ್ದರೆ ಉದ್ದನೆಯ ಬೋಲ್ಟು, ನಟ್ಟು, ದಪ್ಪ ವಾಷರುಗಳು ಮತ್ತು ಒಂದು ಕೊಳವೆಯ ತುಂಡು ಸಾಕು. ನಟ್ಟನ್ನು ಮೆಲ್ಲಗೆ ತಿರುಗಿಸುತ್ತ ಬಂದರೆ ಬುಷ್ಷು ನೇರವಾಗಿ ಒಳಸೇರುತ್ತದೆ. ಒತ್ತಡ ಹೊರಕೊಳವೆಯ ಅಂಚಿನ ಮೇಲೆ ಮಾತ್ರ ಬೀಳಬೇಕು. ಒಳಕೊಳವೆಯನ್ನು ಒತ್ತಿದರೆ ರಬ್ಬರಿನ ಅಂಟು ಹರಿಯುತ್ತದೆ. ಜಾರಲೆಂದು ಸಾಬೂನಿನ ನೀರು ಸವರಬಹುದು. ಇಂಜಿನ್ ಎಣ್ಣೆಯಾಗಲಿ ಸಾಧಾರಣ ಗ್ರೀಸಾಗಲಿ ಕೂಡದು. ಖನಿಜ ತೈಲವನ್ನು ಹೀರಿ ಸಹಜ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ: ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಯಾವಾಗ? ಕಾರು ಜಾಕಿನ ಮೇಲಿರುವಾಗ ಬಿಗಿಯುವುದು ಸುಲಭ; ಆದರೆ ಅದು ಸರಿಯಲ್ಲ. ತೋಳಿನ ಉದ್ದ 300 ಮಿಲಿಮೀಟರು, ಕಾರು ನೆಲದ ಮೇಲೆ ನಿಂತಾಗ ತೋಳು ಸಮತಲವಾಗಿರುತ್ತದೆ ಎಂದಿಟ್ಟುಕೊಳ್ಳೋಣ. ಜಾಕಿನಿಂದ ಎತ್ತಿದಾಗ ತೋಳಿನ ತುದಿ 75 ಮಿಲಿಮೀಟರು ಕೆಳಗೆ ಜೋಲುತ್ತದೆ. 75ನ್ನು 300ರಿಂದ ಭಾಗಿಸಿದರೆ 0.25, ಈ ಸೈನ್ ಬೆಲೆಯುಳ್ಳ ಕೋನ ಸುಮಾರು 14.5 ಡಿಗ್ರಿ. ಆ ಸ್ಥಿತಿಯಲ್ಲಿ ಬೋಲ್ಟನ್ನು ಬಿಗಿದರೆ ಕಾರು ನೆಲಕ್ಕಿಳಿದೊಡನೆ ರಬ್ಬರು 14.5 ಡಿಗ್ರಿ ತಿರುಚಿಕೊಂಡು, ನಿಂತಲ್ಲಿಯೇ ಹಗಲಿರುಳೂ ಹಾಗೆಯೇ ಇರುತ್ತದೆ. ಚಕ್ರ ಕಲ್ಲನ್ನೇರಿ ಮತ್ತೆ 75 ಮಿಲಿಮೀಟರು ಮೇಲೆದ್ದರೆ ತಿರುಚು 29 ಡಿಗ್ರಿಯಾಗುತ್ತದೆ. ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗ ಬಿಗಿದಿದ್ದರೆ ಎರಡು ಕಡೆಗೂ 14.5 ಡಿಗ್ರಿಯನ್ನು ಮೀರುತ್ತಿರಲಿಲ್ಲ. ಒಂದೇ ಬುಷ್ಷು, ಒಂದೇ ಬೋಲ್ಟು. ಬಿಗಿದ ಗಳಿಗೆ ಮಾತ್ರ ಬೇರೆ. ಅಷ್ಟರಿಂದಲೇ ರಬ್ಬರು ಬೇಗ ಬಿರಿಯುತ್ತದೆ.

ಆದುದರಿಂದ ಕಟ್ಟುತ್ತಿರುವ ಕಾರಿಗೆ ಇಂಜಿನು, ಆಸನ ಮುಂತಾದ ಭಾರವೆಲ್ಲ ಸೇರುವವರೆಗೆ ಈ ಬೋಲ್ಟುಗಳನ್ನು ಸಡಿಲವಾಗಿಯೇ ಬಿಡಬೇಕು. ಬಳಿಕ ಕಾರನ್ನು ನೆಲಕ್ಕಿಳಿಸಿ, ಹಿಂದಕ್ಕೂ ಮುಂದಕ್ಕೂ ತಳ್ಳಿ, ಮೇಲಿನಿಂದ ಅದುಮಿ ಬಿಟ್ಟು, ಸಹಜವಾದ ಎತ್ತರಕ್ಕೆ ಬಂದ ಮೇಲೆ ಬಿಗಿಯಬೇಕು. ಕೆಳಗೆ ನುಸುಳಬೇಕಾದಾಗ ಚಕ್ರಗಳು ಗಟ್ಟಿಯಾದ ಇಳಿಜಾರು ಹಲಗೆಯ ಮೇಲಾಗಲಿ ಗುಂಡಿಯ ಎರಡೂ ಅಂಚುಗಳ ಮೇಲಾಗಲಿ ನಿಂತಿರಬೇಕು. ಬರಿಯ ಜಾಕನ್ನು ನಂಬಿ ಕಾರಿನಡಿಗೆ ಹೋಗುವುದು ಪ್ರಾಣಾಪಾಯ.

ಪಾಲಿಯುರೆಥೇನ್ ಬುಷ್ಷಿನ ಬಗೆ ಬೇರೆ. ಅದು ಸಾಮಾನ್ಯವಾಗಿ ಒಳಕೊಳವೆಗೆ ಅಂಟಿರುವುದಿಲ್ಲ, ಅದರ ಮೇಲೆ ಜಾರುತ್ತದೆ. ಆದುದರಿಂದ ಅದಕ್ಕೆ ತಕ್ಕ ಗ್ರೀಸು ಬೇಕು. ಚಕ್ರವನ್ನು ಬಿಗಿಯಾಗಿ ಹಿಡಿಯುತ್ತದೆ, ಅದರ ಜೊತೆಗೆ ರಸ್ತೆಯ ನಡುಕವನ್ನೂ ಹೆಚ್ಚಾಗಿ ಒಳಗೆ ಬಿಡುತ್ತದೆ. ಓಟದ ಕಾರುಗಳಲ್ಲಿ ಗೋಳಾಕಾರದ ಲೋಹದ ಬೇರಿಂಗುಗಳನ್ನು ಬಳಸುವುದುಂಟು. ಅವು ನಿಖರವಾದುವು, ಆದರೆ ಕೆಸರು ಮರಳುಗಳಿಂದ ಬೇಗ ಸವೆಯುತ್ತವೆ. ಹೊಂಡ, ಕೆಸರು, ಮಳೆಗಳ ನಾಡಿಗೆ ರಬ್ಬರೇ ಒಳ್ಳೆಯ ಸಂಗಾತಿ.

ಟೈರು ಒಂದೇ ಅಂಚಿನಲ್ಲಿ ಸವೆಯುವುದು, ಬ್ರೇಕು ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುವುದು, ಹೊಂಡದಲ್ಲಿ ‘ಟಕ್’ ಎಂಬ ಸದ್ದು ಬರುವುದು: ಇವು ಬುಷ್ಷು ಸೋತಿರಬಹುದೆಂಬುದರ ಸೂಚನೆಗಳು. ಘಟ್ಟದ ತಿರುವಿನಲ್ಲಿ ಇಂಥ ಸೂಚನೆಯನ್ನು ಅಲಕ್ಷಿಸುವಂತಿಲ್ಲ. ಹೆಬ್ಬೆರಳಿನ ಗಾತ್ರದ ಈ ರಬ್ಬರಿನ ತುಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಚಾಲಕನ ಕೈಯ ಮಾತನ್ನು ಚಕ್ರವು ಕೇಳುವುದು ಅದರ ಮೂಲಕವೇ.