ಯೋಹಾನನ ‘ಕಂಡೆ’, ತಾತಯ್ಯನ ನಾಡಿನ ‘ಆದೀತು’

ಕೆಂಚಾರ್ಲಹಳ್ಳಿಗೆ ಹೋದದ್ದು ಕೈವಾರ ತಾತಯ್ಯನ ತತ್ವಪದ ಕೇಳಲು. ಜಗಲಿಯ ಮೇಲಿದ್ದ ಹಿರಿಯರು ತಂಬೂರಿ ಬದಿಗಿಟ್ಟು ಕಾಲಜ್ಞಾನ ಹೇಳತೊಡಗಿದರು, ಅರ್ಧ ತೆಲುಗು, ಅರ್ಧ ಕನ್ನಡ. ಎಲ್ಲವೂ ‘ಬಂದೀತು’, ‘ಆದೀತು’. ನಡುವೆ ನಿಲ್ಲಿಸಿ ಕೇಳಿದರು: “ಬೈಬಲ್‌ನಾಗೂ ಕಾಲಜ್ಞಾನ ಐತಂತೆ, ಅದ್ರಾಗೆ ಹೆಂಗ್ ಹೇಳವ್ರಪ್ಪ?”

ಆ ಪ್ರಶ್ನೆ ಹಿಡಿದುಕೊಂಡೇ ಮನೆಗೆ ಬಂದು ಬೈಬಲಿನ ‘ಪ್ರಕಟನೆ’ ತೆರೆದೆ. ಪತ್ಮೋಸ್ ದ್ವೀಪದ ಯೋಹಾನ ಮುಂದಾಗುವುದನ್ನು ಹೆಚ್ಚಾಗಿ ಹೇಳುವುದು ಭೂತಕಾಲದಲ್ಲಿ: ಕಂಡೆ, ಕೇಳಿದೆ. ಸಿನಿಮಾದ ರೀತಿಯೂ ಇದೇ ಅಲ್ಲವೇ? ನಾಳಿನ ಪ್ರಳಯವನ್ನು ನಿನ್ನೆಯೇ ಚಿತ್ರೀಕರಿಸಿ ಇವತ್ತು ತೋರಿಸುತ್ತಾರೆ.

ತಾತಯ್ಯನ ಕಥೆ ಈ ಭಾಗದವರಿಗೆ ಹೊಸದಲ್ಲ. ಬಳೆ ಮಾರುತ್ತಿದ್ದ ನಾರಣಪ್ಪ ಯೋಗಿಯಾದರು. 1726ರಿಂದ 1836ರವರೆಗೆ ಬಾಳಿದರೆಂಬುದು ಭಕ್ತರ ನಂಬಿಕೆ. 1961ರಲ್ಲಿ ರಾಜ್‌ಕುಮಾರ್ ‘ಕೈವಾರ ಮಹಾತ್ಮೆ’ಯಲ್ಲಿ ನಟಿಸಿದರು. ಆದರೆ ಹಿರಿಯರ ಮನಸ್ಸಿನಲ್ಲಿ ಉಳಿದದ್ದು ಗಡಿಯಾಚೆ ಆಂಧ್ರದಲ್ಲಿ ಕಾಲಜ್ಞಾನ ಹೇಳಿದ ವೀರಬ್ರಹ್ಮೇಂದ್ರ ಸ್ವಾಮಿಯ ಚಿತ್ರ. 1984ರಲ್ಲಿ ಅದು ತೆರೆಗೆ ಬಂದಾಗ ಸ್ವಾಮಿಯ ಪಾತ್ರಧಾರಿ ಎನ್‌.ಟಿ. ರಾಮರಾವ್ 1983ರಲ್ಲೇ ಅಲ್ಲಿನ ಮುಖ್ಯಮಂತ್ರಿಯಾಗಿದ್ದರು. ಬಣ್ಣ ಹಚ್ಚುವವನು ರಾಜ್ಯ ಆಳುತ್ತಾನೆಂದು ಕಾಲಜ್ಞಾನದಲ್ಲಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಪರದೆಯ ಮೇಲಿನ ‘ಆದೀತು’, ನೋಡುವವರ ಪಾಲಿಗೆ ಆಗಲೇ ಆಗಿಹೋಗಿತ್ತು.

‘ಪ್ರಕಟನೆ’ಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸುರುಳಿಗೆ ಹಾಕಿದ ಏಳು ಮುದ್ರೆಗಳಲ್ಲಿ ಏಳನೆಯದು. ಆರು ಮುದ್ರೆ ಒಡೆಯುವಷ್ಟರಲ್ಲಿ ಕುದುರೆ, ಕ್ಷಾಮ, ಭೂಕಂಪ ಎಲ್ಲ ಬಂದುಹೋಗಿವೆ. ಏಳನೆಯದಕ್ಕೆ ಲೋಕ ಮುಗಿಯುತ್ತದೆ ಎಂದುಕೊಂಡರೆ ಪರಲೋಕದಲ್ಲಿ ಮೌನ, ಸುಮಾರು ಅರ್ಧ ಗಂಟೆ! ಆಮೇಲೆ ಏಳು ತುತೂರಿ, ಮುಂದೆ ಏಳು ಪಾತ್ರೆ. ಮುಗಿಯಿತು ಎನ್ನುವಲ್ಲೇ ಮತ್ತೆ ಶುರು. ಇಂಗ್ಮರ್ ಬರ್ಗ್‌ಮನ್ 1957ರ ‘ದಿ ಸೆವೆಂತ್ ಸೀಲ್’ ಚಿತ್ರಕ್ಕೆ ಹೆಸರು ತೆಗೆದುಕೊಂಡದ್ದು ಆ ಸಾಲಿನಿಂದ. ಪ್ಲೇಗ್ ಬಡಿದ ನಾಡಿನಲ್ಲಿ ಯೋಧನೊಬ್ಬ ಸಾವಿನೊಡನೆ ಚದುರಂಗ ಆಡುತ್ತ ದೇವರ ಉತ್ತರಕ್ಕೆ ಕಾಯುತ್ತಾನೆ; ಉತ್ತರ ಬರುವುದಿಲ್ಲ. ಗ್ರಾಫಿಕ್ಸ್‌ನಲ್ಲಿ ನಗರಗಳನ್ನು ಉರುಳಿಸುವ ಇಂದಿನ ಚಿತ್ರಗಳು ನನ್ನಲ್ಲಿ ಇಷ್ಟು ಭಯ ಹುಟ್ಟಿಸಿಲ್ಲ.

ಮತ್ತೆ ಹೋದಾಗ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಮೌನದ ಮಾತಿಗೆ ಬಂದಾಗ ತಡೆದರು. “ಅರ್ಧ ಗಂಟೆ ಅಂದ್ನಾ, ಸುಮಾರು ಅರ್ಧ ಗಂಟೆ ಅಂದ್ನಾ?”

“ಸುಮಾರು.”

“ಹಂಗಾದ್ರೆ ಅವ್ನು ಅಲ್ಲಿದ್ದ ಬಿಡಪ್ಪ” ಎಂದು ತಂಬೂರಿ ಎತ್ತಿಕೊಂಡರು.