ಬಂದೂಕು ಹಿಡಿದವನು ಧೀರನೇ, ಹೇಡಿಯೇ?

ಬಂದೂಕಿನ ಬಗ್ಗೆ ಎರಡು ನಂಬಿಕೆಗಳು ಜೊತೆಜೊತೆಗೆ ಚಲಾವಣೆಯಲ್ಲಿವೆ. ಬಂದೂಕು ಹಿಡಿದವನ ಗುಂಡಿಗೆ ಗಟ್ಟಿ ಎಂಬುದು ಒಂದು. ಬಂದೂಕು ಹೇಡಿಯ ಆಯುಧ, ಗಂಡಸಾದವನು ಬರಿಗೈಯಲ್ಲಿ ಎದುರು ನಿಲ್ಲಬೇಕು ಎಂಬುದು ಇನ್ನೊಂದು. ದಾವಣಗೆರೆಯಲ್ಲಿ ಎರಡಕ್ಕೂ ನೆಲೆಯಿದೆ. ಇದು ಗರಡಿಮನೆಗಳ ಊರು. ದುಗ್ಗಮ್ಮನ ಜಾತ್ರೆಯ ಅಖಾಡದಲ್ಲಿ ಪೈಲ್ವಾನರಿಬ್ಬರು ಸಮಸಮನಾಗಿ ನಿಂತು ಪಟ್ಟು ಹಾಕುವುದನ್ನು ನೋಡುತ್ತ ಬೆಳೆದವರಿಗೆ ದೂರದಿಂದ ಗುಂಡು ಹಾರಿಸುವುದು ಸಣ್ಣತನವಾಗಿ ಕಾಣುವುದು ಸಹಜ. ಅದೇ ಊರಿನ ಹುಡುಗರಿಗೆ ಪಿಸ್ತೂಲು ಹಿಡಿದ ಸಿನಿಮಾ ನಾಯಕನ ಚಿತ್ರವನ್ನು ಮೊಬೈಲ್ ಸ್ಟೇಟಸ್ಸಿಗೆ ಹಾಕಿಕೊಳ್ಳುವುದೇ ಗತ್ತು. ಎರಡನೆಯ ನಂಬಿಕೆಯಿಂದ ಆಗುವ ಕೇಡು ಕಡಿಮೆ. ಮೊದಲನೆಯದು ಮಾತ್ರ ಜೀವ ತೆಗೆಯುವಂಥದ್ದು, ಆದ್ದರಿಂದ ಅದನ್ನೇ ಹೆಚ್ಚು ಪರೀಕ್ಷಿಸಬೇಕು.

ಬಂದೂಕು ಮಾಡುವ ಕೆಲಸ ಸರಳ. ಗುಂಡಿಗೆ ವೇಗ ಬರುವುದು ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡದಿಂದ; ಹಿಡಿದವನ ತೋಳಿನಿಂದ ಅಲ್ಲ, ಎದೆಯಿಂದಂತೂ ಅಲ್ಲವೇ ಅಲ್ಲ. ಸಾಮಾನ್ಯ ಪಿಸ್ತೂಲಿನ ಕುದುರೆ ಎಳೆಯಲು ಎರಡು ಮೂರು ಕಿಲೋ ಎತ್ತುವಷ್ಟು ಬಲ ಸಾಕು. ಶಾಲೆಯ ಹುಡುಗನ ಬೆರಳಿನಲ್ಲೂ ಅದು ಇರುತ್ತದೆ. ಅಪಾಯವನ್ನು ಹಿಡಿದವನಿಂದ ದೂರ ಸರಿಸಿ ಎದುರಿನವನ ಮೇಲೆ ಹಾಕುವುದೇ ಈ ಯಂತ್ರದ ಉದ್ದೇಶ. ತನಗೆ ಬರಬಹುದಾದ ಅಪಾಯ ಗೊತ್ತಿದ್ದೂ ಹಿಂದೆ ಸರಿಯದಿರುವುದನ್ನು ಧೈರ್ಯ ಎನ್ನುತ್ತಾರೆ. ಎದುರಿನವನ ಕೈ ಖಾಲಿ ಇರುವಾಗ ಹಾರಿಸಿದವನಿಗೆ ಯಾವ ಅಪಾಯವೂ ಇಲ್ಲ. ಅಲ್ಲಿ ಧೈರ್ಯದ ಪ್ರಶ್ನೆಯೇ ಹುಟ್ಟುವುದಿಲ್ಲ.

ಈ ವಿವೇಚನೆ ಕನ್ನಡ ನಾಡಿಗೆ ಹೊಸದಲ್ಲ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದ ಪೊಲಾಳ್ವ ಹೊಯ್ಸಳರ ದಂಡನಾಯಕ. ಆಗ ತುಂಗಭದ್ರೆಯ ಈ ದಂಡೆ ಹೊಯ್ಸಳರಿಗೂ ಸೇವುಣರಿಗೂ ನಡುವಿನ ಗಡಿಸೀಮೆ, ಕಾಳಗ ಇಲ್ಲಿಯವರಿಗೆ ದಿನದ ಮಾತು. ಅಂಥ ಕಾಲದ ಜನ ವೀರನೆಂದು ಕರೆದದ್ದು ಯಾರನ್ನು ಎಂಬುದಕ್ಕೆ ನಾಡಿನ ತುಂಬ ನಿಂತಿರುವ ವೀರಗಲ್ಲುಗಳೇ ಸಾಕ್ಷಿ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ತುರು ಹಿಡಿದೊಯ್ಯುವವರ ಎದುರು, ಊರನ್ನು ಮುತ್ತಿದವರ ಎದುರು ನಿಂತ ಒಬ್ಬನೇ ಆಳು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಕುಳಿತಿದ್ದಾನೆ, ನೆತ್ತಿಯಲ್ಲಿ ಸೂರ್ಯ ಚಂದ್ರರು. ಈ ಕಲ್ಲುಗಳು ನಿಂತಿರುವುದು ಸತ್ತವನ ಹೆಸರಿನಲ್ಲಿ. ಎಷ್ಟು ಜನರನ್ನು ಕೊಂದ ಎಂಬ ಲೆಕ್ಕಕ್ಕಿಂತ ಯಾರಿಗಾಗಿ ಪ್ರಾಣ ಕೊಟ್ಟ ಎಂಬುದು ಊರಿಗೆ ಮುಖ್ಯವಾಗಿತ್ತು. ಹತ್ತನೆಯ ಶತಮಾನದ ಆತಕೂರು ಶಾಸನ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಇದೇ ಗೌರವದಿಂದ ನೆನೆಯುತ್ತದೆ.

ದಾವಣಗೆರೆಯೂ ಹೊಸ ಕಾಲದಲ್ಲಿ ಅದೇ ರೂಢಿಯಲ್ಲಿ ನಡೆದಿದೆ. 1942ರ ಚಳವಳಿಯಲ್ಲಿ ಪೊಲೀಸರ ಗೋಲಿಬಾರಿಗೆ ಬಲಿಯಾದವರಿಗಾಗಿ ಇಲ್ಲಿ ಹುತಾತ್ಮರ ಸ್ಮಾರಕವಿದೆ. ಊರು ನೆನಪಿಟ್ಟುಕೊಂಡಿರುವುದು ಗುಂಡಿಗೆ ಎದೆ ಕೊಟ್ಟವರನ್ನು. ಹಾರಿಸಿದವರು ಯಾರೆಂದು ಕೇಳುವವರೂ ಇಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟದ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿದಾಗಲೂ ಬಂದೂಕು ಇದ್ದದ್ದು ಒಂದು ಕಡೆ, ಧೈರ್ಯ ಇದ್ದದ್ದು ಇನ್ನೊಂದು ಕಡೆ.

ಹಾಗಾದರೆ ಸೈನಿಕರ ಕೈಯಲ್ಲಿ ಬಂದೂಕಿಲ್ಲವೇ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಇದೆ. ಆದರೆ ಅವರನ್ನು ಧೀರರನ್ನಾಗಿ ಮಾಡುವುದು ಅದಲ್ಲ. ಕಾರವಾರದ ಚೆಂಡಿಯಾ ಗ್ರಾಮದಲ್ಲಿ ಹುಟ್ಟಿದ ರಾಮ ರಾಘೋಬ ರಾಣೆ ಅವರ ಉದಾಹರಣೆ ನೋಡಬಹುದು. 1948ರ ಏಪ್ರಿಲ್ 8ರಿಂದ 11ರವರೆಗೆ ಕಾಶ್ಮೀರದ ನೌಶೇರಾ–ರಜೌರಿ ರಸ್ತೆಯಲ್ಲಿ ಅವರು ತೋರಿದ ಸಾಹಸಕ್ಕೆ ಪರಮವೀರ ಚಕ್ರ ಬಂತು. ರಾಣೆ ಎಂಜಿನಿಯರ್ ದಳದ ಅಧಿಕಾರಿ. ಶತ್ರುಗಳು ರಸ್ತೆಯುದ್ದಕ್ಕೂ ಮರ ಕೆಡವಿ, ನೆಲಬಾಂಬು ಹುಗಿದು ಟ್ಯಾಂಕುಗಳಿಗೆ ದಾರಿ ಕಟ್ಟಿದ್ದರು. ಅದನ್ನು ಬಿಡಿಸುವುದು ರಾಣೆ ಅವರ ಕೆಲಸ. ಮೊದಲ ದಿನವೇ ಮಾರ್ಟರ್ ದಾಳಿಯಲ್ಲಿ ಅವರ ತಂಡದ ಇಬ್ಬರು ಸತ್ತರು, ರಾಣೆ ಅವರಿಗೂ ಗಾಯವಾಯಿತು. ಆದರೂ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಕೊಡುತ್ತ, ಬಾಂಬುಗಳ ನಡುವೆ ದಾರಿ ತೋರಿಸಿದರು. ಮೇಲಿನಿಂದ ಮೆಷಿನ್‌ಗನ್ ಗುಂಡು ಸುರಿಯುತ್ತಿರುವಾಗಲೇ ಅಡ್ಡಲಾಗಿ ಬಿದ್ದ ಮರಗಳನ್ನು ತೆಗೆಸಿದರು. ದೇಶದ ಅತ್ಯುನ್ನತ ಶೌರ್ಯಪದಕ ಕರ್ನಾಟಕದಲ್ಲಿ ಹುಟ್ಟಿದ ಈ ಯೋಧನಿಗೆ ಬಂದದ್ದು ರಸ್ತೆ ಬಿಡಿಸಿದ್ದಕ್ಕೆ.

ಬಂದೂಕು ಹಿಡಿದವರೆಲ್ಲ ಹೇಡಿಗಳು, ಅಡಗಿ ಹೊಡೆಯುವುದೆಲ್ಲ ಹೇಡಿತನ ಎಂಬ ಎರಡನೆಯ ನಂಬಿಕೆಯೂ ನಿಲ್ಲುವುದಿಲ್ಲ. ಚಿತ್ರದುರ್ಗದ ಓಬವ್ವ ಕೋಟೆಯ ಕಿಂಡಿಯ ಮಗ್ಗುಲಲ್ಲಿ ಅಡಗಿ ನಿಂತೇ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದವಳು. ದಾವಣಗೆರೆ, ಹರಿಹರಗಳು 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಓಬವ್ವನ ಈ ಕಥೆ ಗೊತ್ತಿಲ್ಲದ ಮನೆ ಇಲ್ಲಿಲ್ಲ. ಅವಳನ್ನು ಹೇಡಿ ಎಂದವರು ಯಾರೂ ಇಲ್ಲ, ಏಕೆಂದರೆ ಒಳಗೆ ನುಗ್ಗುತ್ತಿದ್ದವರು ಆಯುಧಧಾರಿಗಳು, ಸಂಖ್ಯೆಯಲ್ಲಿ ಹೆಚ್ಚಿನವರು, ಕಾವಲು ಅವಳ ಕೆಲಸವೂ ಆಗಿರಲಿಲ್ಲ, ಒಂದೇ ಒಂದು ಏಟು ತಪ್ಪಿದ್ದರೆ ಅವಳ ಕಥೆ ಮುಗಿಯುತ್ತಿತ್ತು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲದೆ ಬ್ರಿಟಿಷರ ಪಡೆಗೆ ಎದುರು ನಿಂತ ಹಲಗಲಿಯ ಬೇಡರ ಕೈಯಲ್ಲೂ ಬಂದೂಕುಗಳಿದ್ದವು. ಅವರ ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಹಲಗಲಿಯ ಹೆಸರು ಹೇಳಿ ಬಂದೂಕು ಶೌರ್ಯದ ಗುರುತು ಎಂದು ವಾದಿಸುವವರು ಕೊನೆಯ ಈ ಭಾಗವನ್ನು ಬಿಟ್ಟೇ ಹೇಳುತ್ತಾರೆ.

ಇವುಗಳ ಪಕ್ಕದಲ್ಲಿ ಇತ್ತೀಚಿನ ಎರಡು ಕೊಲೆಗಳನ್ನು ಇಟ್ಟು ನೋಡಬೇಕು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ವಚನ ಸಂಶೋಧಕ ಎಂ. ಎಂ. ಕಲಬುರ್ಗಿ ಅವರನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರು ಎಪ್ಪತ್ತು ದಾಟಿದ ಮೇಷ್ಟ್ರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಕೆಲಸ ಮುಗಿಸಿ ಮನೆಗೆ ಮರಳಿದ್ದ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆ ಮುಂದೆಯೇ ಕೊಂದರು. ಎರಡೂ ಕಡೆ ಬಳಕೆಯಾದದ್ದು 7.65 ಎಂಎಂ ನಾಡಪಿಸ್ತೂಲು. ಎರಡೂ ಗುಂಡುಗಳು ಒಂದೇ ಪಿಸ್ತೂಲಿನವು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಬರಿಗೈಯಲ್ಲಿದ್ದ ವೃದ್ಧ ವಿದ್ವಾಂಸರು, ಒಂಟಿಯಾಗಿದ್ದ ಹೆಣ್ಣುಮಗಳು. ಕೊಂದವರು ಬೈಕ್ ಹತ್ತಿ ಪರಾರಿ. ಗೌರಿ ಅವರ ಸಾವನ್ನು ಸಂಭ್ರಮಿಸಿ ಬರೆದವರೂ ಇದ್ದರು. ವೀರಗಲ್ಲು ನಿಲ್ಲಿಸಿದ ನಾಡಿನಲ್ಲಿ ಇಂಥ ಕೃತ್ಯಕ್ಕೆ ಶೌರ್ಯದ ಹೆಸರು ಕೊಡಲು ನಾಲಗೆ ಹೇಗೆ ಹೊರಳುತ್ತದೋ ಅರ್ಥವಾಗುವುದಿಲ್ಲ. ಉತ್ತರ ಕೊಡಲು ಮಾತಿಲ್ಲದವನು ಮಾತಾಡುವವರ ಬಾಯಿ ಮುಚ್ಚಿಸಲು ಹಿಡಿದ ಪಿಸ್ತೂಲು ಅದು. ಹೇಡಿತನ ಎಂಬ ಮಾತು ಸಲ್ಲುವುದಾದರೆ ಇಲ್ಲಿ ಸಲ್ಲುತ್ತದೆ.

ಇಷ್ಟಾದರೂ ನಂಬಿಕೆ ಕರಗದಿರಲು ಸಿನಿಮಾದ ಪಾಲು ದೊಡ್ಡದು. ‘ಕೆಜಿಎಫ್’ ಎರಡನೆಯ ಭಾಗದ ‘ದೊಡ್ಡಮ್ಮ’ ಎಂಬ ಮೆಷಿನ್‌ಗನ್ನಿಗೆ ಚಿತ್ರಮಂದಿರಗಳಲ್ಲಿ ನಾಯಕನಷ್ಟೇ ಶಿಳ್ಳೆ ಬಿತ್ತು. ಚಿತ್ರೀಕರಣದಲ್ಲಿ ನಾಯಕನ ಕಡೆಗೆ ನಿಜವಾದ ಗುಂಡು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಆ ಭಂಗಿಯನ್ನೇ ಧೈರ್ಯವೆಂದು ನಂಬುವುದು ಬೇಸರದ ಸಂಗತಿ. ನೋಡಿದ್ದನ್ನೆಲ್ಲ ನಂಬುವ ಈ ಚಟ ಬಂದೂಕಿಗಷ್ಟೇ ನಿಲ್ಲುವುದಿಲ್ಲ. ಲಾಂಗು ಬೀಸಿದವನು ನಾಯಕ, ಗದರಿದವನು ಸತ್ಯವಂತ, ಹೆಚ್ಚು ಜನ ಹಂಚಿದ ವಿಡಿಯೋ ನಿಜ ಎಂಬ ನಂಬಿಕೆಗಳೂ ಅದೇ ಬೇರಿನಿಂದ ಹುಟ್ಟಿದವು.

ಬಂದೂಕಿನ ಬಗೆಗಿನ ಉಳಿದ ತಪ್ಪು ಕಲ್ಪನೆಗಳಿಗೆ ಹೆಚ್ಚು ಮಾತು ಬೇಡ. ಗಾಳಿಯಲ್ಲಿ ಹಾರಿಸಿದ ಗುಂಡಿನಿಂದ ಯಾರಿಗೂ ತೊಂದರೆಯಿಲ್ಲ ಎನ್ನುತ್ತಾರೆ. ನೇರ ಮೇಲಕ್ಕೆ ಹೋದ ರೈಫಲ್ ಗುಂಡು ಸೆಕೆಂಡಿಗೆ ಸುಮಾರು 90 ಮೀಟರ್ ವೇಗದಲ್ಲಿ ಮರಳಬಲ್ಲದು, ತಲೆಬುರುಡೆ ಒಡೆಯಲು ಅಷ್ಟು ಸಾಕು, ಓರೆಯಾಗಿ ಹಾರಿಸಿದ್ದು ಇನ್ನೂ ಅಪಾಯಕಾರಿ. ಲೈಸೆನ್ಸ್ ಇದ್ದವರು ಮದುವೆ, ಮೆರವಣಿಗೆಯಲ್ಲಿ ಹಾರಿಸಬಹುದು ಎಂಬುದೂ ಸುಳ್ಳು. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೊಡಗಿನಲ್ಲಿ ಯಾರು ಬೇಕಾದರೂ ಬಂದೂಕು ಇಟ್ಟುಕೊಳ್ಳಬಹುದು ಎಂಬುದೂ ತಪ್ಪು. ಲೈಸೆನ್ಸಿನಿಂದ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಆತ್ಮರಕ್ಷಣೆಗೆ ಎಂದು ಹೇಳಿಬಿಟ್ಟರೆ ಎಷ್ಟು ಗುಂಡು ಹಾರಿಸಿದರೂ ನಡೆಯುತ್ತದೆ ಎನ್ನುವವರಿದ್ದಾರೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ. ಅಪ್ಪನ ಬಂದೂಕು ಅಪ್ಪ ತೀರಿಕೊಂಡ ಮೇಲೆ ತಾನಾಗಿಯೇ ಮಗನದಾಗುತ್ತದೆ ಎಂಬುದೂ ಸರಿಯಲ್ಲ. ಮಗ ತನ್ನ ಹೆಸರಿಗೆ ಲೈಸೆನ್ಸ್ ಪಡೆಯಬೇಕು. ಅಲ್ಲಿಯವರೆಗೆ ಬಂದೂಕನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಒಪ್ಪಿಸಿ ರಸೀದಿ ಪಡೆದುಕೊಳ್ಳಬೇಕು.