ಬಹುಕಾಲದ ಎದೆಯುರಿ: ಮಾಜಿ ಸೈನಿಕರ ಅಧ್ಯಯನದಿಂದ ತಿಳಿದದ್ದು

ಊಟವಾದ ಮೇಲೆ ಎದೆ ಉರಿಯುತ್ತದೆ, ಹುಳಿತೇಗು ಬರುತ್ತದೆ, ಮಲಗಿದರೆ ಗಂಟಲಿಗೆ ಹುಳಿನೀರು ಏರುತ್ತದೆ. ನಮ್ಮಲ್ಲಿ ಬಹಳ ಜನ ಇದನ್ನು ‘ಪಿತ್ತ’, ‘ಗ್ಯಾಸ್’ ಎಂದುಕೊಂಡು ಅಂಗಡಿಯಿಂದ ಗುಳಿಗೆ ತಂದು ನುಂಗುತ್ತ ವರ್ಷಗಟ್ಟಲೆ ದಿನ ದೂಡುತ್ತಾರೆ. ಅಪರೂಪಕ್ಕೆ ಬಂದುಹೋಗುವ ಎದೆಯುರಿಗೆ ಹೆದರಬೇಕಾಗಿಲ್ಲ. ಆದರೆ ವಾರವಾರವೂ ಬರುವ, ವರ್ಷಗಳಿಂದ ಇರುವ ಎದೆಯುರಿಯನ್ನು ಅಲಕ್ಷ್ಯ ಮಾಡಬಾರದು.

ಅನ್ನನಾಳದಲ್ಲಿ ಏನಾಗುತ್ತದೆ?

ಬಾಯಿಯಿಂದ ಜಠರಕ್ಕೆ ಆಹಾರ ಸಾಗಿಸುವ ಕೊಳವೆಯೇ ಅನ್ನನಾಳ. ಅದರ ಕೆಳತುದಿಯ ಸ್ನಾಯುವಿನ ಬಿಗಿ ಸಡಿಲವಾದರೆ ಜಠರದ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಬಹುಕಾಲ ಹೀಗಾದರೆ ಕೆಲವರಲ್ಲಿ ಅನ್ನನಾಳದ ಒಳಪೊರೆ ಬದಲಾಗಿ ಕರುಳಿನ ಒಳಪೊರೆಯನ್ನು ಹೋಲತೊಡಗುತ್ತದೆ. ಇದಕ್ಕೆ ‘ಬ್ಯಾರೆಟ್ ಅನ್ನನಾಳ’ ಎಂದು ಹೆಸರು. 1950ರಲ್ಲಿ ಇದರ ಬಗ್ಗೆ ಬರೆದ ಲಂಡನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರಿಂದ ಆ ಹೆಸರು ಬಂದಿದೆ. ಹೊಸ ಪೊರೆ ಆಮ್ಲವನ್ನು ತಾಳಿಕೊಳ್ಳುವುದರಿಂದ ಕೆಲವರಿಗೆ ಉರಿ ಕಡಿಮೆಯಾಗಲೂಬಹುದು. ಆದ್ದರಿಂದ ಉರಿ ಹೋಯಿತೆಂದರೆ ರೋಗವೂ ಹೋಯಿತೆಂದು ತಿಳಿಯಬೇಡಿರಿ.

ಇದು ಕ್ಯಾನ್ಸರ್ ಅಲ್ಲ. ಕೆಲವರಲ್ಲಿ ಮಾತ್ರ ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಡೆನ್ಮಾರ್ಕಿನಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಂತೆ, ವರ್ಷಕ್ಕೆ ಸಾವಿರದಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ.

ಮಾಜಿ ಸೈನಿಕರಲ್ಲಿ ಅಧ್ಯಯನ ಏಕೆ?

ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರವೇ ಆಸ್ಪತ್ರೆಗಳನ್ನು ನಡೆಸುತ್ತದೆ. ಅಲ್ಲಿಗೆ ಬರುವವರಲ್ಲಿ ಗಂಡಸರು, ವಯಸ್ಸಾದವರು ಹೆಚ್ಚು. ಈ ರೋಗ ಕಾಣಿಸುವುದೂ ಅಂಥವರಲ್ಲೇ ಹೆಚ್ಚು. ಹ್ಯೂಸ್ಟನ್ ನಗರದ ಅಂಥ ಆಸ್ಪತ್ರೆಯಲ್ಲಿ ಡಾ. ಹಾಶೆಮ್ ಎಲ್-ಸೆರಾಗ್ ಮತ್ತು ಸಂಗಡಿಗರು ಎಂಡೋಸ್ಕೋಪಿಗೆ ಬಂದವರನ್ನಷ್ಟೇ ಅಲ್ಲ, ಬೇರೆ ತಪಾಸಣೆಗೆ ಬಂದವರನ್ನೂ ಒಪ್ಪಿಗೆ ಪಡೆದು ಪರೀಕ್ಷಿಸಿದರು. ಸೊಂಟದ ಅಳತೆ ತೆಗೆದರು, ಅಭ್ಯಾಸಗಳನ್ನು ಕೇಳಿದರು. ರೋಗ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿದರು.

ತಿಳಿದದ್ದೇನು?

● ಒಟ್ಟು ತೂಕಕ್ಕಿಂತ ಹೊಟ್ಟೆಯ ಬೊಜ್ಜು ಮುಖ್ಯ. ಅದು ಜಠರವನ್ನು ಒತ್ತಿ ಆಮ್ಲವನ್ನು ಮೇಲಕ್ಕೆ ತಳ್ಳುತ್ತದೆ.

● ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿ ಇದ್ದವರಲ್ಲಿ ಬ್ಯಾರೆಟ್ ಕಡಿಮೆ. ಆದರೆ ಅದೇ ಜೀವಿ ಹುಣ್ಣಿಗೂ ಜಠರದ ಕ್ಯಾನ್ಸರಿಗೂ ಕಾರಣ. ಅದಕ್ಕೆ ವೈದ್ಯರು ಕೊಟ್ಟ ಔಷಧ ಬಿಡಬಾರದು.

● ಹ್ಯೂಸ್ಟನ್ನಿನಲ್ಲಿ ಧೂಮಪಾನದ ಸಂಬಂಧ ಸ್ಪಷ್ಟವಾಗಿ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡಿತು.

ಸೈನ್ಯದ ಕೆಲಸವೇ ರೋಗಕ್ಕೆ ಕಾರಣವೆಂದು ಇದರಿಂದ ಹೇಳಲಾಗದು. ವಯಸ್ಸು, ಬೊಜ್ಜು ಮತ್ತು ಬಹುಕಾಲದ ಆಮ್ಲದ ತೊಂದರೆ ಯಾರನ್ನೂ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಬಗೆಯ ಅನ್ನನಾಳದ ಕ್ಯಾನ್ಸರ್. ತಂಬಾಕು, ಮದ್ಯ ಅದರ ಮುಖ್ಯ ಕಾರಣಗಳು. ಬೀಡಿ, ಗುಟ್ಕಾ ಬಿಡಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನೀವು ಮಾಡಬೇಕಾದದ್ದು

● ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು-ಮೂರು ಗಂಟೆ ಅಂತರವಿರಲಿ.

● ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಆರರಿಂದ ಎಂಟು ಅಂಗುಲ ಎತ್ತರಿಸಿರಿ.

● ಹೊಟ್ಟೆಯ ಬೊಜ್ಜು ಕರಗಿಸಿರಿ.

● ನುಂಗಲು ಕಷ್ಟ, ಅನ್ನ ಎದೆಯಲ್ಲಿ ಸಿಕ್ಕಿದಂತಾಗುವುದು, ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ: ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಬನ್ನಿರಿ.

● ಬೆವರು, ಉಸಿರಾಟದ ತೊಂದರೆಯೊಡನೆ ಎದೆನೋವು ಬಂದರೆ ಎದೆಯುರಿ ಎಂದು ಕಾಯಬೇಡಿರಿ, ಅದು ಹೃದಯಾಘಾತವಿರಬಹುದು.

ಎಂಡೋಸ್ಕೋಪಿ ಎಂದರೆ ಬಾಯಿಯ ಮೂಲಕ ತೆಳುವಾದ ಕೊಳವೆ ಇಳಿಸಿ ಒಳಗೆ ನೋಡುವುದು. ಕೆಲವೇ ನಿಮಿಷಗಳ ಪರೀಕ್ಷೆ. ಅಗತ್ಯವಿದ್ದರೆ ಪೊರೆಯ ಸಣ್ಣ ತುಣುಕು ತೆಗೆದು ಪರೀಕ್ಷಿಸುತ್ತಾರೆ. ರೋಗಿಯ ಜೊತೆಗಿರುವ ಮನೆಯವರಿಗೊಂದು ಮಾತು: ನಿಮ್ಮ ಹಿರಿಯರು ಊಟ ಕಡಿಮೆ ಮಾಡಿ ಗಂಜಿ, ಮಜ್ಜಿಗೆಯನ್ನಷ್ಟೇ ಕೇಳುತ್ತಿದ್ದರೆ ನುಂಗಲು ತೊಂದರೆಯಿದೆಯೇ ಎಂದು ವಿಚಾರಿಸಿರಿ. ಅವರು ತಾವಾಗಿ ಹೇಳಲಿಕ್ಕಿಲ್ಲ. ಕಾಯಕ ಮಾಡುವ ಶರೀರವನ್ನು ಕಾಪಾಡಿಕೊಳ್ಳುವುದೂ ಒಂದು ಕಾಯಕ. ಸಂಶಯವಿದ್ದರೆ ಸಂಕೋಚಪಡದೆ ಹೊರರೋಗಿ ವಿಭಾಗದಲ್ಲಿ ವೈದ್ಯರನ್ನು ಕೇಳಿರಿ.